ತಾಯಿ ಇದ್ದವರು ಹಾಡಬಾರದ ಪದ

"ಯಾರ ತಾಯಿ ಸತ್ತಾಳ?" ಎಂದು ಅವ್ವ ಕೇಳಿದಳು.

ನಾನು ಫೋನು ಹಿಡಿದುಕೊಂಡು ನಗುತ್ತ ನಿಂತಿದ್ದೆ. ವಾರದಿಂದ ಈ ಗಳಿಗೆಗಾಗಿ ಕಾದವಳು ನಾನು. ಭಾನುವಾರ ಬೇವೂರಿಗೆ ಹೋಗಬೇಕು, ಅವ್ವ ಕುರಿದೊಡ್ಡಿಯಲ್ಲಿ ಒಬ್ಬಳೇ ಇರುವಾಗ ಹಾಡು ಕೇಳಿಸಬೇಕು, ಅವಳು ಯಾರು ಹಾಡಿದ್ದೆಂದು ಕೇಳಬೇಕು, ಆಗ ನಾನು ತಲೆ ತಗ್ಗಿಸಿ ಅವನ ಹೆಸರು ಹೇಳಬೇಕು. ಹೀಗೆಲ್ಲ ಲೆಕ್ಕ ಹಾಕಿಕೊಂಡು ಇಳಕಲ್ಲಿನಲ್ಲಿ ಬಸ್ಸು ಹತ್ತಿದ್ದೆ. ಅವ್ವ ಬೈಯಬಹುದು ಎಂದು ಹೆದರಿಯೂ ಇದ್ದೆ, ಏಕೆಂದರೆ ನಾನು ಎಲ್ಲದಕ್ಕೂ ಹೆದರುವವಳೇ. ಆದರೆ ಇಂಥ ಪ್ರಶ್ನೆ ಬರುತ್ತದೆ ಎಂದು ಮಾತ್ರ ಎಣಿಸಿರಲಿಲ್ಲ.

"ಯಾರೂ ಸತ್ತಿಲ್ಲ ಯವ್ವಾ. ಇದು ಲವ್ ಸಾಂಗ್. ಇಳಕಲ್ಲಾಗ ಎಲ್ಲಾರ ಫೋನಿನ್ಯಾಗ ಇದ ಐತಿ ಈಗ."

"ಮೊದಲ ಬಂದ್ ಮಾಡು ಅದನ್ನ."

ಬಂದ್ ಮಾಡಿದೆ. ಮರಿಯೊಂದರ ಕಾಲಿನ ಗಾಯಕ್ಕೆ ಅರಿಶಿಣ ಹಚ್ಚುತ್ತಿದ್ದ ಅವ್ವನ ಕೈ ಹಾಗೇ ನಿಂತಿತ್ತು. ನಮ್ಮವ್ವ ಮಾಯವ್ವ ಹಾವಿಗೆ ಹೆದರಿದವಳಲ್ಲ, ತೋಳಕ್ಕೆ ಹೆದರಿದವಳಲ್ಲ. ಅವಳ ಮುಖದಲ್ಲಿ ಹೆದರಿಕೆ ಕಂಡದ್ದು ನನಗೆ ಅದೇ ಮೊದಲು.

"ಇದು ನನ್ನ ಪದ. ಅವನ ಬಾಯಾಗ ಹೆಂಗ ಬಂತು?"

"ನಾನ ಕೊಟ್ಟೆ. ನೀ ಆ ಕರೀ ಕುರಿಗೆ ಹಾಡಾಕತ್ತಾಗ ರೆಕಾರ್ಡ್ ಮಾಡಿದ್ದೆ."

"ಏನಕ್ಕ ಹಾಡೂದಂತ ಅವಗ ಹೇಳಿದ್ಯೋ ಇಲ್ಲೋ?"

ಕುರಿ ಮರಿಯನ್ನು ಒಲ್ಲೆ ಎಂದಾಗ ಅವ್ವ ಈ ಪದ ಹಾಡುತ್ತಾಳೆ ಎನ್ನುವುದಷ್ಟೇ ನನಗೂ ಗೊತ್ತಿದ್ದದ್ದು. ಅವ್ವ ಮರಿಯನ್ನು ಕೆಳಗೆ ಬಿಟ್ಟು ನನ್ನ ಕೈ ಹಿಡಿದು ಕೂಡಿಸಿಕೊಂಡಳು.

"ಕೇಳಿಲ್ಲೆ. ಕುರಿ ಈದು ಸತ್ತರ ಮರಿ ತಬ್ಬಲಿ ಆಕ್ಕತಿ. ಅದನ್ನ ಬ್ಯಾರೇ ಕುರಿಗೆ ಹಚ್ಚಬೇಕು. ವಾಸನಿ ತನ್ನದಲ್ಲಂತ ಆ ಕುರಿ ಒದೀತತಿ. ಆಗ ಮರಿ ನೆತ್ತಿಗೆ ಉಪ್ಪನೀರು ಸವರಿ ಈ ಪದ ಹಾಡೂದು. ತಾಯಿ ಸತ್ತ ಮರಿ ಸಲುವಾಗಿ ಅಷ್ಟ. ತಾಯಿ ಜಡ್ಡಾಗಿ ಬಿದ್ದಿದ್ದರೂ ಉಸಿರು ಇರೂತನಕ ಬಾಯಿ ತೆಗ್ಯಾಂಗಿಲ್ಲ. ಹಾಡಿದ್ರ ತಾಯಿ ಉಳಿಯೂದಿಲ್ಲ. ಮನಶ್ಯಾರಿಗೂ ಅಷ್ಟ. ಸಣ್ಣಾಕಿದ್ದಾಗ ಆಟಕ್ಕ ಹಾಡಿದ್ದಕ್ಕ, ನಿಮ್ಮವ್ವ ಇನ್ನೂ ಅದಾಳಂತ ನಮ್ಮಜ್ಜಿ ನನ್ನ ಬಾಯಿಮ್ಯಾಲೆ ಹೊಡದಿದ್ಲು." ಅವ್ವ ನನ್ನ ಕಣ್ಣನ್ನೇ ನೋಡಿದಳು. "ಆ ಹುಡುಗನ ತಾಯಿ ಅದಾಳೇನು?"

"ಅದಾಳ."

"ಆರಾಮ ಅದಾಳೇನು?"

"ಹೂಂ," ಎಂದೆ.

ಸುಳ್ಳು. ರಾಜಕುಮಾರನ ತಾಯಿ ಸುಂದರವ್ವನಿಗೆ ಹೃದಯದ ಕವಾಟ ಕೆಟ್ಟಿತ್ತು. ಅಡುಗೆಮನೆಯಿಂದ ಅಂಗಳಕ್ಕೆ ಬರುವಷ್ಟರಲ್ಲಿ ಏದುಸಿರು ಎಂದು ಅವನೇ ಹೇಳಿದ್ದ. ಮಂಗಳವಾರ ಬಾಗಲಕೋಟೆಯ ದೊಡ್ಡ ದವಾಖಾನೆಯಲ್ಲಿ ಎದೆ ತೆರೆದು ಆಪರೇಶನ್ ಮಾಡುವವರಿದ್ದರು. ಆ ತಾಯಿಯ ಮಗನ ಬಾಯಿಗೆ ಈ ಪದ ಇಟ್ಟವಳು ನಾನು. ಅವಳಿಗೆ ಏನಾದರೂ ಆದರೆ ಅವನು ನನ್ನ ಮುಖ ನೋಡುವುದಿಲ್ಲ. ಅವನು ನೋಡಿದರೂ ನಾನು ಅವನ ಮುಖ ನೋಡಲಾರೆ.

ನಾನು ಬಿ.ಕಾಂ. ಓದಿದವಳು, ಇಂಥದನ್ನೆಲ್ಲ ನಂಬಬಾರದು ಎಂದು ನನಗೂ ಗೊತ್ತು. ಆದರೆ ಹೆದರಿಕೆ ಯಾರ ಸರ್ಟಿಫಿಕೇಟನ್ನೂ ನೋಡಿ ಬರುವುದಿಲ್ಲ.

"ತೆಗಸು ಅದನ್ನ," ಎಂದಳು ಅವ್ವ. "ತೆಗಸೂತನಕ ಆ ಹುಡುಗನ ಹೆಸರು ನನ್ನ ಮುಂದ ಎತ್ತಬ್ಯಾಡ."

ನಾನು ಇನ್ನೂ ಹೆಸರು ಹೇಳಿಯೇ ಇರಲಿಲ್ಲ. ಇಂಥದು ತಾಯಂದಿರಿಗೆ ಹೇಗೆ ತಿಳಿಯುತ್ತದೋ.

*

ರಾಜಕುಮಾರ ಇಳಕಲ್ಲಿನ ಒಂದು ಗ್ರಾನೈಟ್ ಕಂಪನಿಯಲ್ಲಿ ಪಾಲಿಶ್ ಮಶಿನ್ ನಡೆಸುವವನು. ಅದೇ ಕಂಪನಿಯ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು ನಾನು. ಅವನು ಊಟಕ್ಕೆ ಬರುವಾಗ ಹುಬ್ಬಿನ ಮೇಲೆಲ್ಲ ಕಲ್ಲಿನ ಬಿಳಿ ರಾಡಿ ಒಣಗಿರುತ್ತಿತ್ತು.

"ಹುಬ್ಬು ನೆರತಾವ ನೋಡ್ರಿ ನಿಮ್ಮವು," ಎಂದು ನಾನು ಕೆಣಕಿದರೆ, "ನೀವು ಹೂಂ ಅನ್ನೂದರಾಗ ತಲೀನೂ ನೆರೀತತ್ರಿ," ಎನ್ನುವನು.

ಯಾವುದಕ್ಕೆ ಹೂಂ ಎನ್ನಬೇಕು ಎಂದು ಅವನು ಹೇಳುತ್ತಿರಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ. ನೀರು ಕುಡಿಯುವಾಗ ಲೋಟದ ಅಂಚಿನ ಮೇಲಿಂದ ನನ್ನನ್ನು ನೋಡುವನು, ನಾನು ತಿರುಗಿದೊಡನೆ ಗೋಡೆಯ ಕ್ಯಾಲೆಂಡರ್ ಓದತೊಡಗುವನು.

"ಏನ ನೋಡಾಕತ್ತೀರ್ರಿ ಅದರಾಗ?"

"ಇವತ್ತ ಹುಣ್ಣಿವಿ ಐತೇನಂತ."

"ಮೊನ್ನೆ ಅಮಾಸಿ ಆತಲ್ರಿ."

"ಹೌದೇನು? ಮತ್ತ ಈ ಆಫೀಸಿನ್ಯಾಗ ಇಷ್ಟ ಬೆಳಕ ಎಲ್ಲಿಂದ ಬಂತು?"

ನಾನು ತಲೆ ಬಗ್ಗಿಸಿ ರೊಟ್ಟಿ ಮುರಿಯುತ್ತಿದ್ದೆ. ಮುಖ ಬಿಸಿಯಾಗುತ್ತಿತ್ತು. ಅವನು ದಿನವಿಡೀ ಮಶಿನಿನ ಗದ್ದಲದಲ್ಲಿರುವವನು, ಮಾತು ಯಾವಾಗಲೂ ಜೋರು. ಹಾಡುವಾಗ ಮಾತ್ರ ಧ್ವನಿ ಬೇರೆಯಾಗುತ್ತಿತ್ತು, ಪಕ್ಕದಲ್ಲಿ ಮಲಗಿದವರಿಗೆ ಎಚ್ಚರವಾಗದಂತೆ ಹಾಡುತ್ತಿದ್ದ. ಮದುವೆ, ಸೀಮಂತ ಎಲ್ಲಿ ಕರೆದರೂ ಹೋಗಿ ಹಾಡುವನು. ಹಳೆಯ ಹಾಡುಗಳನ್ನು ತನ್ನ ಹಾಗೆ ತಿರುಗಿಸಿ ಹಾಡುವುದೆಂದರೆ ಅವನಿಗೆ ಹುಚ್ಚು.

ಒಂದು ಮಧ್ಯಾಹ್ನ ಅವ್ವನ ಆಡಿಯೋ ಕೇಳಿಸಿದೆ. ಅವ್ವ ಅದನ್ನು ಹಾಡುವುದು ಗಡಿಬಿಡಿಯಲ್ಲಿ, ತೊಡೆ ತಟ್ಟುತ್ತ, ಅರ್ಧ ಬೈಗುಳದ ಹಾಗೆ.

ಮೂಸ ಮೂಸ ನನ್ನವ್ವ, ಮರಿ ನೆತ್ತಿ ಮೂಸ
ಹೊಸದೈತಿ ಅಂತ ಒದಿಬ್ಯಾಡ, ನಾಳೀಗಿ
ನಿನ್ನ ವಾಸನಿ ಹಿಡಿತಾದ

ರಾಜಕುಮಾರ ಕಣ್ಣು ಮುಚ್ಚಿ ಕೇಳಿದ. "ಯಾರನ್ನೋ ಬೇಡಿಕೊಳ್ಳಾಕತ್ತಾರ ಇವರು," ಎಂದ.

"ಬೇಡಿಕೊಳ್ಳೂದು ಅಲ್ರಿ, ಬೈಯ್ಯಾಕತ್ತಾಳ ನಮ್ಮವ್ವ," ಎಂದು ನಕ್ಕೆ. ಅಷ್ಟರಲ್ಲಿ ಊಟದ ವೇಳೆ ಮುಗಿದ ಸೈರನ್ ಆಯಿತು. ಕಳಿಸಿ ಎಂದ, ವಾಟ್ಸಾಪಿನಲ್ಲಿ ಕಳಿಸಿದೆ. ಜೊತೆಗೊಂದು ನಗುವ ಮುಖವನ್ನೂ ಹಾಕಿದೆ.

ಅವನು ಅದನ್ನು ಹಾಡಿದ್ದು ಗೆಳೆಯ ಅರ್ಷದನ ಸೀರೆ ಗೋಡಾವಿನಲ್ಲಿ. ಅರ್ಷದನ ಮನೆಯವರದು ಇಳಕಲ್ ಸೀರೆಯ ವ್ಯಾಪಾರ. ನಾಲ್ಕೂ ಗೋಡೆಗೆ ಮಾಳಿಗೆಯವರೆಗೆ ಸೀರೆ ಪೇರಿಸಿರುವುದರಿಂದ ಅಲ್ಲಿ ಹೊರಗಿನ ಸದ್ದು ಬರುವುದಿಲ್ಲ, ಒಳಗಿನ ಧ್ವನಿ ಗುಂಯ್‌ಗುಡುವುದಿಲ್ಲ. ಅದೇ ಅವರಿಬ್ಬರ ಸ್ಟುಡಿಯೋ. ಆಗಲೇ ಸುಂದರವ್ವನ ಜಡ್ಡು ಹೆಚ್ಚಾಗಿ ಅವನು ರಜೆ ಹಾಕಿದ್ದ. ಹಾಡನ್ನು ತಮ್ಮ ಚಾನೆಲ್ಲಿಗೆ ಹಾಕಿದ ದಿನ ಒಂದೇ ಸಾಲಿನ ಮೆಸೇಜು ಕಳಿಸಿದ: "ಕೇಳ್ರಿ. ಆದ್ರ ಏನೂ ಹೇಳಬ್ಯಾಡ್ರಿ."

ಮೂಸ ಮೂಸ ಒಮ್ಮೆ, ನನ್ನ ನೆತ್ತಿ ಮೂಸ
ಹೊಸಬ ಅದಾನಂತ ಒದಿಬ್ಯಾಡ, ನಾಳೀಗಿ
ನಿನ್ನ ವಾಸನಿ ಹಿಡಿದೇನ

ಅವ್ವ ಓಡಿಸಿಕೊಂಡು ಹೋಗುತ್ತಿದ್ದ ಪದವನ್ನು ಅವನು ನಿಲ್ಲಿಸಿ ನಿಲ್ಲಿಸಿ ಹಾಡಿದ್ದ. "ಒದಿಬ್ಯಾಡ" ಎನ್ನುವಲ್ಲಿ ಧ್ವನಿ ಸ್ವಲ್ಪ ಒಡೆದಿತ್ತು, ಅರ್ಷದ ಅದನ್ನು ಹಾಗೇ ಬಿಟ್ಟಿದ್ದ. ಹುಟ್ಟಿದಂದಿನಿಂದ ನಾನು ಕೇಳಿದ ಪದ. ಮರಿಗಳ ಗದ್ದಲ, ಕುರಿಗೆ ಅವ್ವನ ಬೈಗುಳ, ನನಗೆ ನಗು, ಇಷ್ಟೇ ಅದರ ಅರ್ಥ ಎಂದುಕೊಂಡಿದ್ದೆ. ಅವನ ಬಾಯಲ್ಲಿ ಕೇಳಿದಾಗ ನನಗೆ ಅಳು ಬಂತು. ಇಷ್ಟು ದಿನ ಅವನನ್ನು ದೂರ ತಳ್ಳಿದವಳು ನಾನೇ ಎನ್ನಿಸಿತು. ಕ್ಯಾಲೆಂಡರ್ ಓದುವವನನ್ನು ಕ್ಯಾಲೆಂಡರ್ ಓದಲು ಬಿಟ್ಟವಳು ನಾನು. ಆ ಕ್ಷಣದಲ್ಲೇ ನಾನು ಅವನವಳಾದೆ, ಅದರಲ್ಲಿ ಮುಚ್ಚಿಡುವುದೇನಿಲ್ಲ.

ಅಂಥ ಹಾಡನ್ನು ಅವ್ವ ಒಂದು ಮಾತಿನಲ್ಲಿ ಕಪ್ಪು ಮಾಡಿಬಿಟ್ಟಿದ್ದಳು.

*

ಸೋಮವಾರ ಇಳಕಲ್ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಮೊಬೈಲ್ ಅಂಗಡಿಯಲ್ಲಿ ಅದೇ ಹಾಡು. ಚಹಾದಂಗಡಿಯವನು ಹಾಲು ಕಾಸುತ್ತ ಅದನ್ನೇ ಗುನುಗುತ್ತಿದ್ದ. ಕಾಲೇಜಿನ ಹುಡುಗಿಯರಿಬ್ಬರು ಒಂದೇ ಇಯರ್‌ಫೋನನ್ನು ಹಂಚಿಕೊಂಡು ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ನಿಮ್ಮ ತಾಯಂದಿರು ಜೀವಂತ ಇದ್ದಾರೇನ್ರವ್ವಾ ಎಂದು ಕೇಳಬೇಕೆನ್ನಿಸಿತು. ಕೇಳಿದ್ದರೆ ಹುಚ್ಚಿ ಎನ್ನುತ್ತಿದ್ದರು.

ನೇರವಾಗಿ ಅರ್ಷದನ ಅಂಗಡಿಗೆ ಹೋದೆ. "ಅರ್ಷದಣ್ಣಾ, ಆ ಹಾಡು ತೆಗೀರಿ. ಈಗಿಂದೀಗ ತೆಗೀರಿ."

ಅವನು ಗಿರಾಕಿಗೆ ಸೆರಗು ಬಿಚ್ಚಿ ತೋರಿಸುತ್ತಿದ್ದವನು ಅಷ್ಟಕ್ಕೇ ನಿಲ್ಲಿಸಿದ. "ಯಾಕವಾ? ಏನಾತು?"

ಹೇಳಿದೆ. ಅವನು ನಗಲಿಲ್ಲ, ಅದಕ್ಕೆ ನಾನು ಇವತ್ತಿಗೂ ಅವನಿಗೆ ಋಣಿ. ಬಿಚ್ಚಿದ ಸೆರಗನ್ನು ಮಡಿಸಿಟ್ಟ.

"ನಮ್ಮದರಾಗಿಂದ ತೆಗೀಬಹುದವಾ. ಆದ್ರ ಮಂದಿ ಅದರ ಮ್ಯಾಲೆ ರೀಲ್ಸ್ ಮಾಡ್ಯಾರ. ಹುನಗುಂದದಾಗ ಒಬ್ಬಾಂವ ಮದುವಿ ವಿಡಿಯೋಕ್ಕ ಹಚ್ಯಾನ, ಬಾದಾಮ್ಯಾಗ ಒಬ್ಬಾಕಿ ರಿಂಗ್‌ಟೋನ್ ಮಾಡ್ಯಾಳ. ಯಾರ್‍ಯಾರ ಮನೀಗೆ ಹೋಗಿ ತೆಗಸ್ತಿ? ಮತ್ತ ಅಂವನ್ನ ಕೇಳದ ನಾ ತೆಗ್ಯಾಂಗಿಲ್ಲ. ಅಂವಗ ಅದು ಬರೇ ಹಾಡಲ್ಲ. ಹಾಡುವಾಗ ನಾ ನೋಡೇನಲ್ಲ."

"ಹಾಡುವಾಗ ಏನಾತು?"

"ಅವನ್ನ ಕೇಳು," ಎಂದ.

ಹೊರಗೆ ಬಂದು ಫೋನು ಹಚ್ಚಿದೆ. ರಾಜಕುಮಾರ ಒಂದೇ ರಿಂಗಿಗೆ ಎತ್ತಿದ. ಸುಂದರವ್ವನನ್ನು ಆಗಲೇ ವಾರ್ಡಿಗೆ ಸೇರಿಸಿದ್ದರು.

"ಅವ್ವ ಆ ಹಾಡನ್ನ ನರ್ಸಮ್ಮಗ ಕೇಳಸಾಕತ್ತಾಳ್ರಿ," ಎಂದ. "ನನ್ನ ಮಗಾ ಹಾಡ್ಯಾನಂತ ಎಲ್ಲಾರ್‍ಗೂ ಹೇಳಾಕತ್ತಾಳ. ಧ್ವನಿ ಕೇಳಸ್ತೇನು?"

ಕೇಳಿಸಿತು. ಅವನ ಹಾಡಿನ ಹಿಂದೆ ಅವನ ತಾಯಿಯ ನಗು, ನಗುವಿನ ಕೊನೆಗೆ ಕೆಮ್ಮು.

"ಏನರ ಹೇಳೂದಿತ್ತೇನ್ರಿ?"

"ಇಲ್ರಿ. ಆಪರೇಶನ್ ಎಷ್ಟಕ್ಕ ಅಂತ ಕೇಳೂದಿತ್ತು."

"ಹನ್ನೊಂದಕ್ಕ ಅಂದಾರ." ಆಮೇಲೆ ಧ್ವನಿ ಸಣ್ಣದಾಯಿತು. "ಜಯಶ್ರೀ ಅವ್ರ, ಭಾಳ ಅಂಜಿಕಿ ಆಗಾಕತ್ತೇತಿ."

ನಾನು ಬರುತ್ತೇನೆ ಎಂದೆ. ಮೊದಲ ಸಲ ಅವನು ನನ್ನಲ್ಲಿ ಹೆದರಿಕೆ ತೋಡಿಕೊಂಡಿದ್ದ, ಆ ಹೆದರಿಕೆಗೆ ಇನ್ನಷ್ಟು ಸೇರಿಸುವ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಆದರೆ ಹೇಳದೆ ಇದ್ದು ಏನಾದರೂ ಆದರೆ? ಹೇಳಿದರೆ ಅವನು ಹಾಡು ತೆಗೆಯಬಹುದು, ಕುರಿ ಕಾಯುವ ದೇವರು ಬೀರಪ್ಪನಿಗೆ ತಪ್ಪುಕಾಣಿಕೆ ಕಟ್ಟಬಹುದು, ಏನೋ ಒಂದು ಮಾಡಬಹುದು. ಒಳಗೆ ಕರೆದೊಯ್ಯುವ ಮೊದಲು ಹೇಳಲೇಬೇಕು ಎಂದು ನಿರ್ಧರಿಸಿದೆ.

*

ಮಂಗಳವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟು ದವಾಖಾನೆ ತಲುಪಿದರೆ ಅವನು ಮೂರನೇ ಮಹಡಿಯ ಬೆಂಚಿನ ಮೇಲೆ ಒಬ್ಬನೇ ಕುಳಿತಿದ್ದ. ಮಡಿಲಲ್ಲಿ ಅವನ ತಾಯಿಯ ಹಸಿರು ಬಳೆ, ತಾಳಿ, ಒಂದು ಕರ್ಚೀಫಿನಲ್ಲಿ ಕಟ್ಟಿದ್ದವು.

"ಲಗೂನ ಒಳಗ ಒಯ್ದರ್ರಿ," ಎಂದ. "ನಮ್ಮಪ್ಪ ಔಷಧ ತರಾಕ ಕೆಳಗ ಹೋಗ್ಯಾನ."

ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಬೆಂಚಿನ ತುದಿಗೆ ಕುಳಿತೆ. ಅವನ ಹುಬ್ಬಿನ ಮೇಲೆ ಇವತ್ತು ಬಿಳಿ ಇರಲಿಲ್ಲ, ತೊಳೆದ ಮುಖ ಸಣ್ಣ ಹುಡುಗನದಂತೆ ಕಂಡಿತು. ಈಗ ಹೇಳಿ ಪ್ರಯೋಜನವೇನು? ಆದರೆ ಬಚ್ಚಿಟ್ಟುಕೊಂಡು ಅವನ ಪಕ್ಕ ಕೂರುವುದು ನನ್ನಿಂದ ಆಗಲಿಲ್ಲ.

"ಒಂದ ಮಾತ ಹೇಳಬೇಕ್ರಿ. ನಿನ್ನೇನ ಹೇಳಬೇಕಿತ್ತು, ಧೈರ್ಯ ಆಗಲಿಲ್ಲ. ಆ ಪದ ತಾಯಿ ಇದ್ದವರು ಹಾಡಬಾರದಂತ್ರಿ. ತಾಯಿ ಸತ್ತ ಕುರಿಮರಿ ಸಲುವಾಗಿ ಹಾಡೂದಂತ. ನನಗೂ ಗೊತ್ತಿರಲಿಲ್ಲ, ಖರೇನ. ಗೊತ್ತಿದ್ದರ ನಿಮಗ ಕಳಿಸ್ತಿದ್ದಿಲ್ಲ."

ಅವನು ಬೆಚ್ಚಿ ಬೀಳಲಿಲ್ಲ. ಥಿಯೇಟರಿನ ಬಾಗಿಲನ್ನೇ ನೋಡುತ್ತ, "ನನಗ ಗೊತ್ತೈತ್ರಿ," ಎಂದ.

"ಯಾವಾಗ ಗೊತ್ತಾತು?"

"ಹಾಡೂದಕ್ಕ ಮೊದಲ."

"ಗೊತ್ತಿದ್ದೂ ಹಾಡಿದ್ರ್ಯಾ?"

"ಹೂಂ." ಕರ್ಚೀಫಿನ ಗಂಟನ್ನು ಬಿಗಿ ಮಾಡಿದ. "ನೀವು ಕಳಿಸಿದ್ದನ್ನ ಮನ್ಯಾಗ ಹಚ್ಚಿದ್ದೆ. ಅವ್ವ ಒಳಗ ರೊಟ್ಟಿ ಬಡಿಯಾಕತ್ತಿದ್ಲು. ಬಡಿಯೂದು ನಿಂತಬಿಡ್ತು. ಹೊರಗ ಬಂದು, ಇದನ್ನ ನಮ್ಮವ್ವ ನನಗ ಹಾಡಿದ್ಲು ಅಂದ್ಲು. ತಾಯಿ ಇದ್ದವರು ಹಾಡಬಾರದಂತನೂ ಅಕಿನ ಹೇಳಿದ್ಲು."

ನನಗೆ ಅರ್ಥವಾಗಲಿಲ್ಲ. "ಕುರಿಗೆ ಹಾಡೂದನ್ನ ಅವರಿಗೆ ಯಾಕ ಹಾಡ್ಯಾರ?"

"ನನ್ನ ಹಡದಾಕಿ ಬ್ಯಾರೇ ಇದ್ಲರಿ. ಅವ್ವನ ಅಕ್ಕ ಅಕಿ. ಮನ್ಯಾಗ ಫೋಟೋ ಐತಿ, ಅಷ್ಟು ನನಗ ಮೊದಲಿಂದ ಗೊತ್ತು. ಅಕ್ಕತಂಗಿ ಇಬ್ಬರೂ ಕೂಡೇ ಬಾಣಂತನಕ್ಕ ತವರಿಗೆ ಬಂದಿದ್ರಂತ. ತಂಗಿ ಕೂಸು ಹುಟ್ಟಿ ಹೋತು. ಅದಾಗಿ ವಾರದಾಗ ಅಕ್ಕ ನನ್ನ ಹಡದು ಹೋದ್ಲು. ಅಜ್ಜಿ ನನ್ನ ತಂದು ಅವ್ವನ ಮಗ್ಗಲದಾಗ ಹಾಕಿದ್ಲು. ಅವ್ವ ಗೋಡಿ ಕಡೆ ಹೊಳ್ಳಿ ಮಲಗಿದ್ಲಂತ. ನನಗ ಬ್ಯಾಡ, ಇದನ್ನ ತಗೊಂಡ ಹೋಗು ಅಂದ್ಲಂತ. ಇದೊಂದ ನನಗ ಗೊತ್ತಿರಲಿಲ್ರಿ. ಇಷ್ಟ ವರ್ಷ ಅವ್ವ ಹೇಳಿರಲಿಲ್ಲ."

ನಾನು ಚೀಲದಿಂದ ನೀರಿನ ಬಾಟಲಿ ತೆಗೆದು ಅವನ ಕಡೆ ಸರಿಸಿದೆ.

"ಅಜ್ಜಿ ಕುರಿ ಕಾಯ್ದಾಕಿ. ಮಗಳ ತಲೀ ಹಂತ್ಯಾಕ ಕುಂತು ಕುರಿಗೆ ಹಾಡಿದಂಗ ಹಾಡಿದ್ಲಂತ. ಹಾಡೂದ ಬಿಡಲಿಲ್ಲಂತ. ಕಡೀಕ ಅವ್ವ ಹೊಳ್ಳಿ ನನ್ನ ತಗೊಂಡ್ಲು."

ಪಕ್ಕದ ಬೆಂಚಿನಲ್ಲಿ ಯಾರೋ ಟಿಫಿನ್ ಡಬ್ಬಿ ಮುಚ್ಚಿದರು. ಆ ಸದ್ದಿಗೂ ನಾವಿಬ್ಬರೂ ಬೆಚ್ಚಿದೆವು.

"ಹೋದ ತಿಂಗಳ ಆಪರೇಶನ್ ಒಲ್ಲೆ ಅಂತ ಹಟಾ ಹಿಡಿದ್ಲು. ಎದಿ ಸೀಳತಾರ, ನಾ ಹಿಂಗ ಹೋಗತೇನಿ ಬಿಡು ಅಂದ್ಲು. ಡಾಕ್ಟರು ಹೇಳಿದ್ರೂ ಕೇಳಲಿಲ್ಲ, ನಮ್ಮಪ್ಪ ಕೈ ಮುಗಿದ್ರೂ ಕೇಳಲಿಲ್ಲ. ಆಗ ನಾ ಅಕಿ ಮುಂದ ಕುಂತು ಆ ಪದ ಹಾಡಿದೆ. ಅಜ್ಜಿ ಹಾಡಿದಂಗ ಅಲ್ಲ. ಮರಿ ತಾನ ಹಾಡಿದ್ರ ಹೆಂಗ ಹಾಡೀತು, ಹಂಗ. ನನ್ನ ಮತ್ತೊಮ್ಮೆ ಒದಿಬ್ಯಾಡ ಅಂದಂಗ. ಅವ್ವ ಅತ್ಲು. ಆತು ನಡಿ, ಎಲ್ಲಿಗೆ ಬರಬೇಕೋ ಬರ್ತೇನಿ ಅಂದ್ಲು." ಅವನ ಧ್ವನಿ ಒಡೆಯಿತು. "ಈಗ ಒಳಗ ಏನರ ಆದ್ರ ಅಕಿ ತಾನಾಗೇ ಹೋಗಿದ್ದಲ್ರಿ. ನಾ ಹಾಡಿ ಕಳಿಸಿದ್ದು."

ಊರೆಲ್ಲ ಪ್ರೇಮಗೀತೆ ಎಂದು ಕುಣಿಯುತ್ತಿದ್ದ ಹಾಡು ಇದು. ನಾನು ಅತ್ತಿದ್ದೂ ಹಾಗೆಂದೇ. ಅವನ ನೋವಿನ ಮುಂದೆ ನನ್ನದು ಎಷ್ಟರದು, ಆದರೂ ಹಾಳು ಬಾಯಿ ಸುಮ್ಮನಿರಲಿಲ್ಲ. "ಹಂಗಾದ್ರ ಅದು ನನಗ ಹಾಡಿದ್ದಲ್ಲ," ಎಂದುಬಿಟ್ಟೆ. ಎಂದೊಡನೆ ನಾಚಿಕೆಯಿಂದ ಸಾಯುವಂತಾಯಿತು.

ಅವನು ಅಂದು ಮೊದಲ ಸಲ ನನ್ನ ಕಡೆ ತಿರುಗಿದ. ಲೋಟದ ಅಂಚಿಲ್ಲ, ಕ್ಯಾಲೆಂಡರಿಲ್ಲ. ನೆಟ್ಟಗೆ ನೋಡಿದ.

"ಮನ್ಯಾಗ ಹಾಡಿದ್ದು ಅವ್ವಗ. ಅರ್ಷದನ ಗೋಡಾವಿನ್ಯಾಗ ಕಣ್ಣ ಮುಚ್ಚಿದ್ರ ಅವ್ವನ ಮುಖಾ ಬರಲಿಲ್ರಿ, ನಿಮ್ಮ ಮುಖಾ ಬಂತು. ಒದಿಬ್ಯಾಡ ಅನ್ನೂದರಾಗ ಅಳು ಬಂತು. ಒಂದ ಪದದಾಗ ಇಬ್ಬರನ್ನ ಬೇಡಿಕೊಂಡಂಗ ಆತು. ದೇವರು ಒಬ್ಬರನ್ನ ಕೊಟ್ಟು ಒಬ್ಬರನ್ನ ಕಸಗೊಂಡ್ರ ಏನ್ಮಾಡ್ಲಿ ಅಂತ ಅಂಜಿದೆ. ಅದಕ್ಕ ನಿಮಗ ಏನೂ ಹೇಳಬ್ಯಾಡ್ರಿ ಅಂತ ಬರದಿದ್ದೆ." ಕೈ ಜೋಡಿಸಿದ. "ಈಗೂ ಬ್ಯಾಡ್ರಿ. ಅವ್ವ ಹೊರಗ ಬರೂತನಕ ಹೂಂನೂ ಅನಬ್ಯಾಡ್ರಿ, ಉಹುಂನೂ ಅನಬ್ಯಾಡ್ರಿ."

ಪ್ರೀತಿಸುತ್ತೇನೆ ಎಂದು ಹೀಗೂ ಹೇಳುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಎದೆ ತುಂಬಿ ಬಂತು, ಅದರ ಮೇಲೆಯೇ ಹೆದರಿಕೆ ಬಂದು ಕುಳಿತಿತು. ನನ್ನ ಹೂಂ ಆ ತಾಯಿಯ ಉಸಿರಿಗೆ ಎದುರಾಗಿ ನಿಂತಂತೆ ಅನ್ನಿಸಿ ತುಟಿ ಬಿಗಿ ಹಿಡಿದೆ.

ಅಷ್ಟರಲ್ಲಿ ಹಾಡು ಕೇಳಿಸಿತು. ಎದುರು ಬೆಂಚಿನ ನಡುವಯಸ್ಸಿನ ಗೃಹಸ್ಥರ ಜೇಬಿನಲ್ಲಿ ಅವನದೇ ಧ್ವನಿ, ಒದಿಬ್ಯಾಡ, ನಾಳೀಗಿ. ರಾಜಕುಮಾರ ಕಿವಿ ಮುಚ್ಚಿಕೊಂಡ. ಆ ಗೃಹಸ್ಥರು ಅವಸರದಿಂದ ಫೋನು ಕಟ್ ಮಾಡಿ, "ತಪ್ಪಾತ್ರಿ. ನಮ್ಮ ಮನಿಯಾಕಿ ಹಾಕ್ಯಾಳ. ಭಾಳ ಚಲೋ ಹಾಡ್ರಿ ಅದು," ಎಂದರು. ಹಾಡಿದವನೇ ಮುಂದೆ ಕುಳಿತಿದ್ದಾನೆ ಎಂದು ಅವರಿಗೇನು ಗೊತ್ತು?

*

ಮಧ್ಯಾಹ್ನದ ಹೊತ್ತಿಗೆ ಅವ್ವನ ಫೋನು ಬಂತು. ಎದ್ದು ಮೆಟ್ಟಿಲ ಬಳಿ ಹೋದೆ.

"ತೆಗಸಿದ್ಯೇನು?"

"ಇಲ್ಲ ಯವ್ವಾ." ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದೆ. ಆರಾಮ ಇದ್ದಾಳೆ ಎಂದದ್ದು ಸುಳ್ಳು ಎಂದೂ ಹೇಳಿದೆ. ಬಾಣಂತಿಯ ಕೋಣೆ, ಗೋಡೆಯ ಕಡೆ ಹೊರಳಿದ ತಂಗಿ, ತಲೆಯ ಬಳಿ ಕುಳಿತು ಹಾಡಿದ ಮುದುಕಿ. ಅವ್ವ ನಡುವೆ ಬಾಯಿ ಹಾಕಲಿಲ್ಲ.

"ಹಡದಾಕಿ ಸತ್ತಾಳಂದ್ಯಾ?"

"ಹೂಂ."

"ಹಂಗಾರ ಆ ಪದ ಅವನದು. ಅಂವ ಹಾಡಬಹುದು."

ನಾನು ಗೋಡೆಗೆ ಒರಗಿದೆ. "ಅಂದ್ರ ಅವರಿಗೆ ಏನೂ ಆಗೂದಿಲ್ಲಲಾ ಯವ್ವಾ?"

"ಅದನ್ನ ನಾ ಹೆಂಗ ಹೇಳ್ಲಿ?" ಎಂದಳು ಅವ್ವ. ಸುಳ್ಳು ಸಮಾಧಾನ ಹೇಳುವುದು ಅವಳಿಗೆ ಬರುವುದಿಲ್ಲ. "ಪದ ಹಾಡಿದ ಮ್ಯಾಲೂ ಕೆಲವು ಮರಿ ಉಳಿಯೂದಿಲ್ಲ, ಕೆಲವು ಕುರಿ ಉಳಿಯೂದಿಲ್ಲ. ಹಾಡಿದ್ದು ತಪ್ಪಲ್ಲ ಅಂತ ಅಷ್ಟ ಹೇಳೇನಿ." ಆಮೇಲೆ, "ಆ ಹುಡುಗ ಮುಂಜಾನಿಂದ ಏನರ ತಿಂದಾನೇನು?"

"ಇಲ್ಲ ಅನಸ್ತತಿ."

"ಮತ್ತ ನೀ ಅಲ್ಲಿ ಏನ ಮಾಡಾಕತ್ತಿ? ಹೋಗಿ ಏನರ ತಿನಿಸು ಮೊದಲ. ನಾ ಸಂಜಿ ಬಸ್ಸಿಗೆ ಬರ್ತೇನಿ."

ಕೆಳಗೆ ಹೋಗಿ ಉಪ್ಪಿಟ್ಟು ತಂದೆ. ಒಲ್ಲೆ ಎಂದ. "ನಮ್ಮವ್ವ ಹೇಳ್ಯಾಳ್ರಿ, ತಿನ್ನಲಿಲ್ಲಂದ್ರ ನನಗ ಬೈತಾಳ," ಎಂದೆ. ಅವ್ವ ಏನೆಂದಳು ಎಂದೂ ಹೇಳಿದೆ. ಆ ಪದ ನಿಮ್ಮದಂತೆ ಎಂದೆ. ಆಗ ಅವನು ಮೊದಲ ತುತ್ತು ಬಾಯಿಗೆ ಹಾಕಿಕೊಂಡ.

ಆಗಲೇ ಥಿಯೇಟರಿನ ಬಾಗಿಲು ತೆರೆಯಿತು. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡ ನರ್ಸ್ ಒಬ್ಬಳು ಹೊರಗೆ ಬಂದಳು.

"ಸುಂದರವ್ವನ ಕಡೆಯವರು ಯಾರ್ರಿ?"

ಮಾಸ್ಕಿನ ಮೇಲಿನ ಕಣ್ಣುಗಳಲ್ಲಿ ಒಳ್ಳೆಯದೂ ಕಾಣಲಿಲ್ಲ, ಕೆಟ್ಟದ್ದೂ ಕಾಣಲಿಲ್ಲ. ರಾಜಕುಮಾರ ಏಳಲು ಹೋದ, ಆಗಲಿಲ್ಲ. ಬಾಯಿ ತೆರೆದರೆ ಧ್ವನಿ ಹೊರಡಲಿಲ್ಲ. ಅವನ ಅಪ್ಪ ಆಗ ಮತ್ತೆ ಔಷಧಕ್ಕೆಂದು ಕೆಳಗೆ ಹೋಗಿದ್ದರು.

"ಯಾರೂ ಇಲ್ಲೇನ್ರಿ?"

"ಅದೀವ್ರಿ," ಎಂದು ನಾನು ಎದ್ದು ನಿಂತೆ.

"ನೀವು ಏನಾಗಬೇಕ್ರಿ ಅವರಿಗೆ?"

ಹುಟ್ಟಾ ಅಂಜುಬುರುಕಿ ನಾನು. ಬಸ್ಸಿನಲ್ಲಿ ಸ್ಟಾಪು ಬಂತು ಎಂದು ಕೂಗಲೂ ಹೆದರುವವಳು. ಆದರೆ ಆ ಕ್ಷಣ ನನಗೆ ಒಂದು ಸ್ಪಷ್ಟವಾಗಿ ತಿಳಿದಿತ್ತು. ಸುದ್ದಿ ಕೆಟ್ಟದಾಗಿದ್ದು ಆಮೇಲೆ ನಾನು ಹೂಂ ಎಂದರೆ ಅದು ಕನಿಕರವಾಗುತ್ತದೆ. ಸುದ್ದಿ ಒಳ್ಳೆಯದಾಗಿದ್ದರೆ, ದೇವರು ಸರಿಯೆಂದ ಮೇಲೆ ನಾನೂ ಸರಿಯೆಂದಂತಾಗುತ್ತದೆ. ಒಂದನ್ನು ಕೊಟ್ಟು ಒಂದನ್ನು ಕಸಿಯುವ ವ್ಯಾಪಾರಕ್ಕೆ ನಾನು ಕೂರುವುದಿಲ್ಲ. ಬದುಕಿದ್ದರೂ ಇಲ್ಲದಿದ್ದರೂ ಆ ಹೆಂಗಸಿಗೆ ನಾನು ಏನಾಗಬೇಕು ಎನ್ನುವುದನ್ನು ಈಗಲೇ ಹೇಳಬೇಕು.

"ಸೊಸಿ ಆಗಬೇಕ್ರಿ," ಎಂದೆ.

ಹಿಂದಿನಿಂದ ಅವನ ಉಸಿರು ನಿಂತದ್ದು ಕೇಳಿಸಿತು. ನಾನು ತಿರುಗಿ ನೋಡಲಿಲ್ಲ. ನೋಡಿದ್ದರೆ ಬಿದ್ದುಬಿಡುತ್ತಿದ್ದೆ.

ನರ್ಸ್ ಮಾಸ್ಕ್ ಕೆಳಗಿಳಿಸಿದಳು. "ಆಪರೇಶನ್ ಆಗೇತ್ರಿ. ಸದ್ಯಕ್ಕ ಚಲೋ ಅದಾರ. ಎರಡ ದಿವಸ ದಾಟಬೇಕು ಅಂದಾರ ಡಾಕ್ಟರು. ಇನ್ನೂ ಎಚ್ಚರ ಇಲ್ಲ. ಯಾರರ ಒಬ್ಬರು ಬಂದು ನೋಡಿ ಹೋಗ್ರಿ, ಅಳಬಾರದು."

ನಾನು ರಾಜಕುಮಾರನ ಕಡೆ ತಿರುಗಿದೆ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವುದೂ ಅವನಿಗೆ ನೆನಪಿರಲಿಲ್ಲ.

"ನೀ ಹೋಗು," ಎಂದ. ಇಷ್ಟು ದಿನ ನೀವು, ಅವ್ರ ಎನ್ನುತ್ತಿದ್ದವನು. "ನನಗ ಆಗೂದಿಲ್ಲ. ನೀ ಹೋಗಿ ನೋಡಿ ಬಾ, ಜಯಾ."

ಚಪ್ಪಲಿ ಬಿಟ್ಟು ಒಳಗೆ ಹೋದೆ. ಮಶಿನುಗಳ ನಡುವೆ ಸುಂದರವ್ವ ಮಲಗಿದ್ದಳು. ಬಾಯಲ್ಲಿ ಕೊಳವೆ, ಎದೆಯ ಮೇಲೆ ಬಿಳಿ ಪಟ್ಟಿ. ನಾನು ಅವಳನ್ನು ನೋಡಿದ್ದು ಅದೇ ಮೊದಲು, ಅದುವರೆಗೆ ಫೋನಿನಲ್ಲಿ ನಗು ಮಾತ್ರ ಕೇಳಿದ್ದೆ. ಏನಾಗುತ್ತದೋ ಎನ್ನುವ ಹೆದರಿಕೆ ಹೋಗಿರಲಿಲ್ಲ, ಎರಡು ದಿವಸ ಅದು ಹೋಗುವುದೂ ಇಲ್ಲ. ಚಾದರದ ಕೆಳಗೆ ಕೈ ಹಾಕಿ ಅವಳ ಪಾದ ಮುಟ್ಟಿದೆ.

ಹೊರಗೆ ಬಂದಾಗ ಅವನು ಗೋಡೆ ಹಿಡಿದು ಎದ್ದು ನಿಂತಿದ್ದ. ಕೇಳಲು ಬಾಯಿ ಬಾರದೆ ನನ್ನ ಮುಖವನ್ನೇ ನೋಡಿದ.

"ಕಾಲು ಬೆಚ್ಚಗದಾವ," ಎಂದೆ.

ಅವನು ಕುಸಿದು ಬೆಂಚಿನ ಮೇಲೆ ಕುಳಿತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ನಾನು ಜಾಗ ಬಿಡದೆ ಪಕ್ಕದಲ್ಲಿ ಕುಳಿತು, ಎದುರಿನವರೆಲ್ಲ ನೋಡುತ್ತಿದ್ದರೂ, ಅವನ ಬೆನ್ನಿನ ಮೇಲೆ ಕೈ ಇಟ್ಟೆ.